ಹನ್ನೆರಡು ರೂಪಾಯಿ ಆರು ಆಣೆಯ ಬಾಕಿ

ನಮ್ಮಲ್ಲಿ ಮಯ್ಯಿತ್ ನಮಾಝ್‌ಗೆ ಮೊದಲು ಮನೆಯವರಲ್ಲಿ ಒಬ್ಬರು ಎದ್ದು ನಿಂತು ಹೇಳುವ ಮಾತೊಂದಿದೆ: "ಮರಣ ಹೊಂದಿದವರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನಮ್ಮಲ್ಲಿ ಹೇಳಿ, ನಾವು ಕೊಡುತ್ತೇವೆ. ತಪ್ಪಿದ್ದರೆ ಮಾಫ್ ಮಾಡಿ." ಮೂರು ವರ್ಷದ ಹಿಂದೆ ಉಪ್ಪನ ಮಯ್ಯಿತ್‌ನ ಮುಂದೆ ನಿಂತು ಆ ಮಾತು ಹೇಳಿದವನು ನಾನು. ಯಾರೂ ಏನೂ ಕೇಳಲಿಲ್ಲ. ಜೀನಸಿನ ಅಂಗಡಿಯವರಾಗಿದ್ದರೂ ಉಪ್ಪ ಯಾರಿಗೂ ಬಾಕಿ ಇಟ್ಟವರಲ್ಲ.

ಬಾಕಿ ಸಿಕ್ಕಿದ್ದು ಆಮೇಲೆ, ಹೊಸಂಗಡಿಯ ಅಂಗಡಿ ಖಾಲಿ ಮಾಡುವಾಗ. ಅದು ಉಪ್ಪನದ್ದಲ್ಲ, ಉಪ್ಪಾಪನದ್ದು. ಅಟ್ಟದ ಡಬ್ಬದಲ್ಲಿ ಅವರ ಕಡದ ಪುಸ್ತಕ ಇತ್ತು. ಮನೆಯಲ್ಲಿ ಬ್ಯಾರಿ ಮಾತಾಡುತ್ತಿದ್ದವರು ಲೆಕ್ಕವನ್ನು ಕನ್ನಡದಲ್ಲೇ ಬರೆದಿದ್ದರು. ಅದರಲ್ಲಿ ಎರಡು ವಿಷಯ ನನಗೆ ಅರ್ಥವಾಗಲಿಲ್ಲ. ಒಂದು, ಹನ್ನೊಂದು ಜನರ ಖಾತೆಗಳ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದಿತ್ತು, ಆದರೆ ಹಣ ಬಂದ ಲೆಕ್ಕ ಎಲ್ಲೂ ಇಲ್ಲ. ಇನ್ನೊಂದು, ಕೊನೆಯ ಪುಟದಲ್ಲಿ "ಮಡಕೆ ಅಕ್ಕನಿಗೆ ಕೊಡಲಿಕ್ಕೆ 12 ರೂ. 6 ಆಣೆ" ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ "12 ರೂ. 37 ನ.ಪೈ." ಎಂದು ಬರೆದಿತ್ತು. ಅದರ ಮೇಲೆ ಗೆರೆ ಇರಲಿಲ್ಲ.

ಮಯ್ಯಿತ್‌ನ ಮುಂದೆ ಪ್ರವಾದಿಯವರು (ಸ) ಮೊದಲು ಕೇಳುತ್ತಿದ್ದದ್ದು, ಇವರಿಗೆ ಸಾಲ ಇದೆಯೇ ಎಂದು. ಮದ್ರಸದಲ್ಲಿ ಕಲಿತ ಯಾರೂ ಇದನ್ನು ಮರೆಯುವುದಿಲ್ಲ. ಹಾಗಾಗಿ ಆ ಗೆರೆಯಿಲ್ಲದ ಸಾಲು ನನ್ನನ್ನು ಬಿಡಲಿಲ್ಲ. ಕೇಳುವುದಾದರೆ ಕುಟುಂಬದಲ್ಲಿ ಇನ್ನು ಉಳಿದವರು ಒಬ್ಬರೇ: ಉಪ್ಪಳದಲ್ಲಿರುವ ಚೆರಿಯ ಉಮ್ಮಾಮ, ಉಪ್ಪಾಪನ ಕೊನೆಯ ತಂಗಿ. ವಯಸ್ಸು ಎಂಬತ್ತೈದು ದಾಟಿದೆ.

ನಾನಿರುವುದು ತೊಕ್ಕೊಟ್ಟಿನಲ್ಲಿ. ಅಲ್ಲಿಂದ ಉಪ್ಪಳಕ್ಕೆ ಇಪ್ಪತ್ತು ಕಿಲೋಮೀಟರ್. ಆದರೂ ಎರಡು ಪೆರ್ನಾಳ್ ಬಿಟ್ಟರೆ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದರೂ ಸಲಾಂ ಹೇಳಿ, ಒಂದು ಲೋಟ ಚಹಾ ಕುಡಿದು, ಕೈಗೆ ಐನೂರು ರೂಪಾಯಿ ಕೊಟ್ಟು ಹೊರಡುವುದು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಾತ್ರ, ಅಷ್ಟು ಹತ್ತಿರದ ಮನೆಗೂ ಹೋಗಲಿಕ್ಕಾಗದ ದಿನ ಬರಬಹುದು ಎಂದು ಗೊತ್ತಾಯಿತು. ಗಡಿ ತೆರೆದ ಮೇಲೆ ಅದನ್ನೂ ಮರೆತೆ.

ಪುಸ್ತಕ ಹಿಡಿದುಕೊಂಡು ಹೋದೆ. ಉಮ್ಮಾಮನಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಬರುವುದು ಕುರ್‌ಆನ್ ಮತ್ತು ಅರಬಿ ಮಲಯಾಳದ ಕಿತಾಬ್‌ಗಳು. 1607ರಲ್ಲಿ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಬರೆದ ಮುಹಿಯಿದ್ದೀನ್ ಮಾಲೆ ಅವರಿಗೆ ಕಂಠಪಾಠ. ನನಗೆ ಆ ಲಿಪಿ ಓದಲು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ಮರಿಮಗಳಿಗೆ ಶಾಲೆಯ ಮಲಯಾಳ ಬರುತ್ತದೆ, ಕನ್ನಡ ಬರುವುದಿಲ್ಲ. ಒಂದೇ ಮನೆಯಲ್ಲಿ ಮೂರು ತಲೆಮಾರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರರು. ಎಲ್ಲರಿಗೂ ಬರುವುದು ಬಾಯಿಮಾತಿನ ಬ್ಯಾರಿ ಮಾತ್ರ. ಹಾಗಾಗಿ ನಾನು ಒಂದೊಂದೇ ಹೆಸರು ಓದಿದೆ, ಅವರು ಕೇಳುತ್ತಾ ಹೋದರು.

ಐದನೆಯ ಹೆಸರಿಗೆ ಕೈ ಅಡ್ಡ ಹಿಡಿದರು. "ಸಾಕು ಮೋನೆ. ಅದು ಕಾಕ ಹಜ್ಜಿಗೆ ಹೋಗುವಾಗ ಬಿಟ್ಟುಕೊಟ್ಟ ಲೆಕ್ಕ."

ಹಜ್ಜಿಗೆ ಹೊರಡುವವರು ಕಡ ತೀರಿಸಬೇಕು, ಎಲ್ಲರಲ್ಲೂ ಮಾಫ್ ಕೇಳಬೇಕು. ಉಪ್ಪಾಪ ಹದಿನೈದು ದಿನ ಮನೆಮನೆಗೆ ನಡೆದರಂತೆ. ಕೊಡಬೇಕಾದವರಿಗೆಲ್ಲ ಕೊಟ್ಟರು. ಬರಬೇಕಾದವರಲ್ಲಿ ಹನ್ನೊಂದು ಮನೆಯವರಿಗೆ ಕೊಡುವ ತಾಕತ್ತು ಇರಲಿಲ್ಲ. "ಇನ್ನು ನೀವು ನನಗೆ ಏನೂ ಕೊಡಲಿಕ್ಕಿಲ್ಲ" ಎಂದು ಅವರ ಜಗಲಿಯಲ್ಲೇ ಗೆರೆ ಎಳೆದರಂತೆ. ವ್ಯಾಪಾರದಲ್ಲಿ ಮುಳುಗಿದ ಹಣ ಎಂದು ನಾನು ತಿಳಿದದ್ದು ಅದು.

ಇದು ಯಾವ ವರ್ಷ? ಉಮ್ಮಾಮನಿಗೆ ಇಸವಿ ಗೊತ್ತಿಲ್ಲ. "ನಾವು ಕೇರಳ ಆದ ಮೇಲೆ" ಎಂದರು. ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದು, ಒಂದು ಅಳತೆಯನ್ನು ನಂಬಬೇಡ, ಮೂರು ಸಲ ಅಳೆ ಎಂದು. ಇಲ್ಲೂ ಹಾಗೆಯೇ ಮಾಡಿದೆ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಇದು ಮೊದಲನೆಯ ಅಳತೆ. ಪುಸ್ತಕದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಿದೆ. ಅದು ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಆರು ಆಣೆಗೆ ಸರಕಾರದ ಲೆಕ್ಕದಲ್ಲಿ 37 ನಯಾ ಪೈಸೆ. ಅಂದರೆ ಮಡಕೆ ಅಕ್ಕನ ಹಣ ಆಣೆಯ ಕಾಲದಿಂದ ಬಂದ ಹಳೆ ಬಾಕಿ, ಉಪ್ಪಾಪ ಅದನ್ನು ಹೊಸ ನಾಣ್ಯಕ್ಕೆ ತಿರುಗಿಸಿ ಬರೆದುಕೊಂಡಿದ್ದರು.

ಮೂರನೆಯದನ್ನು ಉಮ್ಮಾಮನೇ ಕೊಟ್ಟರು. "ಕಾಕ ಬರುವಾಗ ಒಂದು ಹತ್ತು ರೂಪಾಯಿ ನೋಟು ತಂದಿದ್ದರು, ನಮ್ಮ ನೋಟಿನ ಹಾಗೆಯೇ. ಆದರೆ ಇಲ್ಲಿ ಅಂಗಡಿಯಲ್ಲಿ ಅದು ನಡೆಯಲಿಕ್ಕಿಲ್ಲ ಎಂದಿದ್ದರು." ಅದು ಹಜ್ಜ್ ನೋಟು. ರಿಸರ್ವ್ ಬ್ಯಾಂಕ್ 1959ರಲ್ಲಿ ಹಜ್ಜ್ ಯಾತ್ರಿಕರಿಗಾಗಿಯೇ 10 ಮತ್ತು 100 ರೂಪಾಯಿಯ ನೋಟು ತಂದಿತ್ತು. ಅದರ ಚಲಾವಣೆ ಸೌದಿಯಲ್ಲಿ ಮಾತ್ರ. ಉಪ್ಪಾಪ ಹಿಂದಿರುಗಿದ್ದು ಜೋರು ಮಳೆಯಲ್ಲಿ ಎಂಬುದೂ ಉಮ್ಮಾಮನಿಗೆ ನೆನಪಿದೆ. 1960ರಲ್ಲಿ ಹಜ್ಜ್ ಪೆರ್ನಾಳ್ ಬಂದದ್ದು ಜೂನ್ ಮೊದಲ ವಾರದಲ್ಲಿ. ಹಾಗಾದರೆ ಆ ಯಾತ್ರೆ 1960ರ ಆಸುಪಾಸಿನದ್ದು.

ಬೊಂಬಾಯಿಗೆ ಹೋಗಬೇಕಾದವರು ಆಗ ಮಂಜೇಶ್ವರದಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೋಗಬೇಕಿತ್ತು. ಕೊಂಕಣ ರೈಲು ಬಂದದ್ದು 1998ರಲ್ಲಿ. ಅದಕ್ಕೆ ಮೊದಲು ಶೊರನೂರು ಸುತ್ತಿ, ಮದ್ರಾಸಿನ ಕಡೆಯಿಂದ ಉತ್ತರಕ್ಕೆ ತಿರುಗುವುದು. "ಮಕ್ಕಕ್ಕೆ ಹೋಗುವವರು ಕಾಸರಗೋಡಿನ ಕಡೆಗೆ ಯಾಕೆ ಹೋಗುತ್ತಾರೆ ಎಂದು ನಾನು ಅತ್ತಿದ್ದೆ" ಎಂದು ಉಮ್ಮಾಮ ನಕ್ಕರು. ಬೊಂಬಾಯಿಯಲ್ಲಿ ಹಡಗಿನ ಸರದಿ ಬರುವವರೆಗೆ ಮುಸಾಫಿರ್‌ಖಾನೆಯಲ್ಲಿ ಕಾದು, ಅಲ್ಲಿಂದ ಮೊಗಲ್ ಲೈನ್ ಕಂಪನಿಯ ಹಡಗಿನಲ್ಲಿ ಜಿದ್ದಾಕ್ಕೆ. ಹೋದವರು ತಿರುಗಿ ಬರುತ್ತಾರೆ ಎಂಬ ಖಾತ್ರಿ ಯಾರಿಗೂ ಇರಲಿಲ್ಲ. ಸ್ಟೇಶನ್ನಿಗೆ ಬಂದವರು ಮಯ್ಯಿತ್ ಕಳಿಸುವವರ ಹಾಗೆ ಅಳುತ್ತಿದ್ದರಂತೆ. 1995ರಲ್ಲಿ ಹಡಗು ನಿಂತುಹೋಯಿತು. ಈಗ ವಿಮಾನದ ಟಿಕೆಟಿನಲ್ಲಿ ಹಿಂದಿರುಗುವ ತಾರೀಕೂ ಇರುತ್ತದೆ. ನಾವು ಹಜ್ಜಿಗೆ ಹೊರಟಾಗ ಮಾಫ್ ಕೇಳುವುದು ವಾಟ್ಸಾಪಿನಲ್ಲಿ.

"ಮಡಕೆ ಅಕ್ಕ ಯಾರು?" ಎಂದು ಕೊನೆಗೆ ಕೇಳಿದೆ.

ಉಮ್ಮಾಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಂಜೇಶ್ವರದ ಸಂತೆಗೆ ಮಡಕೆ ತರುತ್ತಿದ್ದ ತುಳು ಹೆಂಗಸು. ಉಪ್ಪಾಪ ಹುಡುಕಿಕೊಂಡು ಹೋದಾಗ ಆಕೆ ಊರಲ್ಲಿರಲಿಲ್ಲ, ಪುತ್ತೂರಿನ ಕಡೆ ಮಗಳ ಬಾಣಂತನಕ್ಕೆ ಹೋಗಿದ್ದರು. ಹಣವನ್ನು ಉಮ್ಮಾಮನ ಕೈಯಲ್ಲಿ ಕೊಟ್ಟು, ಬಂದಾಗ ಕೊಡು ಎಂದು ಹೇಳಿ ಉಪ್ಪಾಪ ರೈಲು ಹತ್ತಿದರು. ಆ ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿಯಿತು, ಹಣ ಖರ್ಚಾಯಿತು. ಆಮೇಲೆ ಆ ಅಕ್ಕ ತೀರಿಹೋದ ಸುದ್ದಿ ಬಂತು. "ಕೊಟ್ಟೆ ಎಂದು ಕಾಕನಿಗೆ ಹೇಳಲಿಲ್ಲ, ಕೊಡಲಿಲ್ಲ ಎಂದೂ ಹೇಳಲಿಲ್ಲ. ನಿನ್ನ ಉಪ್ಪ ಪ್ರತಿ ಪೆರ್ನಾಳಿಗೂ ಬರುತ್ತಿದ್ದ. ಪ್ರತಿ ಸಲ ಹೇಳಬೇಕೆಂದು ಕಾಣುತ್ತಿತ್ತು. ಯಾರೂ ಕೇಳಲಿಲ್ಲ ಮೋನೆ."

ಅರುವತ್ತು ವರ್ಷ ಆ ಭಾರ ಹೊತ್ತುಕೊಂಡು ಅವರು ಐದು ಹೊತ್ತು ನಮಾಝ್ ಮಾಡಿದ್ದರು. ಒಂದು ಚಹಾ ಕುಡಿದು ಎದ್ದುಹೋಗುತ್ತಿದ್ದ ನಮಗೆ ಅದು ಗೊತ್ತಾಗುವುದು ಹೇಗೆ?

ಉಸ್ತಾದರನ್ನು ಕೇಳಿದೆ. ವಾರಸುದಾರರನ್ನು ಹುಡುಕಿ ಕೊಡು, ಲೆಕ್ಕ ತೋರಿಸಿ ಅವರ ಒಪ್ಪಿಗೆ ತೆಗೆದುಕೋ ಎಂದರು. ಉಮ್ಮಾಮ ಹೇಳಿದ ಗುರುತು ಹಿಡಿದು ವಿಚಾರಿಸುತ್ತಾ ಹೋದಾಗ ನಾಲ್ಕನೆಯ ವಾರ ಮನೆ ಸಿಕ್ಕಿತು. ಮಡಕೆ ಅಕ್ಕನ ಮೊಮ್ಮಗ ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಪುಸ್ತಕ ನೋಡಿ ನಕ್ಕು, "ಎಂತ ಮಾರಾಯ್ರೆ, ಇದಕ್ಕೆ ಬಂದದ್ದಾ!" ಎಂದರು. ಒಳಗಿನಿಂದ ಅವರ ತಾಯಿ ಬಂದರು. ಆ ಬಾಣಂತನದ ಮಗಳು ಅವರೇ. ನಾನು ಹೇಳಿದ್ದನ್ನೆಲ್ಲ ಕೇಳಿ ತುಳುವಿನಲ್ಲಿ ಹೇಳಿದರು, "ಬ್ಯಾರಿಲೆಡ ಎನ್ನ ಕಾಸ್ ಉಂಡು." ಬ್ಯಾರಿಯವರಲ್ಲಿ ನನ್ನ ಹಣ ಉಂಟು. ಅವರ ತಾಯಿ ಕೊನೆಯವರೆಗೂ ಹಾಗೆ ಹೇಳುತ್ತಿದ್ದರಂತೆ. ಅದು ದೂರಲ್ಲ, ಹಣ ಜಾಗ್ರತೆಯಲ್ಲಿದೆ ಎನ್ನುವ ಧೈರ್ಯ.

ಲಕೋಟೆ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಉಪ್ಪಳದಲ್ಲಿ ಒಬ್ಬರು ಇದಕ್ಕಾಗಿ ಕಾಯುತ್ತಿದ್ದಾರೆ ಎಂದ ಮೇಲೆ ಒಪ್ಪಿ, "ಅವರು ಇದ್ದಾರಾ? ನನ್ನನ್ನು ಕರೆದುಕೊಂಡು ಹೋಗು" ಎಂದರು.

ಮರುದಿನ ಭಾನುವಾರ ಇಬ್ಬರೂ ಉಪ್ಪಳದ ಜಗಲಿಯಲ್ಲಿ ಕೂತರು. ಕಲ್ತಪ್ಪ, ಚಹಾ ಬಂತು. ಉಮ್ಮಾಮ ಅವರ ಕೈ ಹಿಡಿದು ಮಾಫ್ ಕೇಳಿದರು. ಅವರು ಆ ವಿಷಯ ಬಿಟ್ಟು ಸಂತೆಯ ಸುದ್ದಿ ತೆಗೆದರು. ಆಮೇಲೆ ಇಬ್ಬರಿಗೂ ಚರ್ಚೆ ಶುರುವಾಯಿತು. ಅದು ಮದುವೆಗೆ ತಂದ ಮಡಕೆಯ ಬಾಕಿ ಎಂದು ಉಮ್ಮಾಮ. ಮಡಕೆಯ ಹಣ ಆಗಾಗಲೇ ಬಂದಿತ್ತು, ಇದು ಅಮ್ಮ ಅಂಗಡಿಯಲ್ಲಿ ಜಮೆ ಇಟ್ಟ ಉಳಿತಾಯ ಎಂದು ಅವರು. ಸಂಜೆಯವರೆಗೂ ತೀರ್ಮಾನ ಆಗಲಿಲ್ಲ. ನಾನು ಪುಸ್ತಕದ ಕೊನೆಯ ಪುಟದಲ್ಲಿ ಎರಡನ್ನೂ ಕನ್ನಡದಲ್ಲಿ ಬರೆದೆ. ಉಮ್ಮಾಮನ ಮರಿಮಗಳು ಅದನ್ನೇ ಪಕ್ಕದಲ್ಲಿ ಮಲಯಾಳದಲ್ಲಿ ಬರೆದಳು. ಆಮೇಲೆ ಕೆಂಪು ಪೆನ್ಸಿಲನ್ನು ಉಮ್ಮಾಮನ ಕೈಗೆ ಕೊಟ್ಟೆ. ಆ ಸಾಲಿನ ಮೇಲೆ ಗೆರೆ ಎಳೆದವರು ಅವರೇ.