ಕ್ಯಾನ್ಸರ್ ತಜ್ಞರ ಮೊದಲ ಭೇಟಿ: ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳು

'ಬಯಾಪ್ಸಿ ವರದಿ ಬಂದಿದೆ, ಕ್ಯಾನ್ಸರ್ ತಜ್ಞರನ್ನು ಕಾಣಿರಿ' ಎಂದು ವೈದ್ಯರು ಹೇಳಿದಾಗ ಮನೆಮಂದಿಗೆ ಕೈಕಾಲು ಆಡುವುದಿಲ್ಲ. ಕೆಲವರು ಆ ರಾತ್ರಿಯೇ ಹೊರಟು ಬರಿಗೈಯಲ್ಲಿ ಆಸ್ಪತ್ರೆ ತಲಪುತ್ತಾರೆ. ಇನ್ನು ಕೆಲವರು ನಾಟಿ ಮದ್ದು ಮಾಡಿ ನೋಡೋಣವೆಂದು ತಿಂಗಳುಗಳನ್ನೇ ಕಳೆಯುತ್ತಾರೆ. ಎರಡರಿಂದಲೂ ರೋಗಿಗೆ ನಷ್ಟ. ಎರಡು ಮೂರು ದಿನಗಳ ಸಿದ್ಧತೆ ಸಾಕು. ಅದರಿಂದ ಮೊದಲ ಭೇಟಿಯಲ್ಲೇ ಚಿಕಿತ್ಸೆಯ ದಾರಿ ಸ್ಪಷ್ಟವಾಗಲು ಸಹಾಯವಾಗುತ್ತದೆ. ಆದರೆ ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ, ಕಾಲುಗಳಲ್ಲಿ ದಿಢೀರ್ ಬಲಹೀನತೆ ಇದ್ದರೆ ಸಿದ್ಧತೆಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ವರದಿ ಮಾತ್ರವಲ್ಲ, ಸ್ಲೈಡ್ ಮತ್ತು ಬ್ಲಾಕ್ ಕೂಡ

ಬಯಾಪ್ಸಿಯಲ್ಲಿ ತೆಗೆದ ತುಂಡನ್ನು ಪ್ರಯೋಗಾಲಯದವರು ಮೇಣದ ಅಚ್ಚಿನಲ್ಲಿ ಕೂರಿಸಿ ಜೋಪಾನ ಮಾಡುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ಕೊಯ್ದ ತೆಳು ಪದರವನ್ನು ಗಾಜಿನ ಮೇಲೆ ಹಚ್ಚಿದ್ದೇ ಸ್ಲೈಡ್. ಚಿಕಿತ್ಸೆ ಆರಂಭಿಸುವ ಮುನ್ನ ಕ್ಯಾನ್ಸರ್ ಆಸ್ಪತ್ರೆಯವರು ಹಲವು ಬಾರಿ ಇವುಗಳನ್ನು ತಮ್ಮಲ್ಲೇ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಯಾವ ಔಷಧಿ ಫಲ ಕೊಟ್ಟೀತು ಎಂದು ತಿಳಿಯುವ ವಿಶೇಷ ಪರೀಕ್ಷೆಗಳಿಗೂ ಬ್ಲಾಕ್ ಬೇಕಾಗುತ್ತದೆ. ಆದುದರಿಂದ ಬಯಾಪ್ಸಿ ಮಾಡಿದ ಕಡೆ ಅರ್ಜಿ ಕೊಟ್ಟು ಇವನ್ನು ಕೇಳಿ ಪಡೆಯಿರಿ. ಬಿಸಿಲು ತಾಗುವ ಕಾರಿನಲ್ಲಿ ಇಡಬೇಡಿ, ಮೇಣ ಕರಗೀತು.

ಇವುಗಳ ಜೊತೆ ಕಡತದಲ್ಲಿ ಇರಬೇಕಾದವು:
- ಸ್ಕ್ಯಾನ್‌ಗಳ ವರದಿ ಮತ್ತು ಫಿಲ್ಮ್ ಅಥವಾ ಸಿ.ಡಿ.
- ರಕ್ತಪರೀಕ್ಷೆಯ ವರದಿಗಳು, ಹಿಂದಿನ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರ
- ಕಳುಹಿಸಿದ ವೈದ್ಯರ ಪತ್ರ
- ಆಧಾರ್, ರೇಶನ್ ಕಾರ್ಡ್, ವಿಮೆಯ ಕಾರ್ಡ್

ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಒಂದು ಪ್ರತಿ ಮನೆಯಲ್ಲಿಡಿ.

ಔಷಧಿ ಮತ್ತು ಅಭ್ಯಾಸಗಳನ್ನು ಮುಚ್ಚಿಡಬೇಡಿ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ತೊಂದರೆಗೆ ಸೇವಿಸುವ ಮಾತ್ರೆಗಳನ್ನು ಅವುಗಳ ಪಟ್ಟಿ ಸಮೇತ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಆದರೆ ನೀವಾಗಿ ನಿಲ್ಲಿಸಬೇಡಿ. ಕಷಾಯ, ಲೇಹ್ಯ, ಹೋಮಿಯೋಪತಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ವೈದ್ಯರು ಬೈದಾರೆಂದು ಮುಚ್ಚಿಟ್ಟರೆ ಅಪಾಯ ರೋಗಿಗೇ. ಬೀಡಿ, ಸಿಗರೇಟು, ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ, ಮದ್ಯದ ಅಭ್ಯಾಸವನ್ನೂ ಉಳ್ಳದ್ದು ಉಳ್ಳಂತೆ ತಿಳಿಸಬೇಕು. ಬಾಯಿ ಅಥವಾ ಗಂಟಲಿಗೆ ರೇಡಿಯೇಶನ್ ಕೊಡುವ ಮುನ್ನ ಹಲ್ಲುಗಳ ತಪಾಸಣೆ ಅಗತ್ಯ. ಈ ಬಗ್ಗೆ ವಿಚಾರಿಸಿ.

ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿರದಿದ್ದರೆ ತಿಂಡಿ ತಿಂದೇ ಹೊರಡಿ. ಓಪಿಡಿಯಲ್ಲಿ ಕಾಯುವುದು ದೀರ್ಘವಾಗಬಹುದು.

ಖರ್ಚಿನ ದಾರಿ ಮೊದಲೇ ನೋಡಿರಿ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆದುದರಿಂದ ಮೊದಲು ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಅಥವಾ ನಿಮ್ಮ ಊರಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಮಾಹಿತಿ ನೀಡುತ್ತಾರೆ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೋ ಹೋಗಬೇಕಾದರೆ, ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲು ಪ್ರಯಾಣ ದರದಲ್ಲಿ ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿ ಇರಬೇಕು.

ರೋಗಿಯೇ ಕೋಣೆಯ ಒಳಗಿರಲಿ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: 'ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ.' ಪ್ರೀತಿಯಿಂದಲೇ ಹೇಳುವ ಮಾತಿದು. ಆದರೆ ಪದೇಪದೇ ಆಸ್ಪತ್ರೆಗೆ ಕರೆದೊಯ್ದಾಗ, ಕೂದಲು ಉದುರಿದಾಗ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದ ಮೇಲೆ ಯಾರಲ್ಲೂ ಕೇಳಲಾಗದೆ ಒಬ್ಬರೇ ನುಂಗಿಕೊಳ್ಳುತ್ತಾರೆ. ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರೂ ಅವರೇ. 'ನಿಮಗೆ ಎಷ್ಟು ತಿಳಿಯಬೇಕೆಂದಿದೆ?' ಎಂದು ಮೊದಲೇ ಮೆಲ್ಲಗೆ ಕೇಳಿ, ಅವರ ಇಚ್ಛೆಯಂತೆ ನಡೆಯುವುದೇ ಸರಿ. ಅವರಿಗೆ ಕೊಂಕಣಿ ಅಥವಾ ತುಳು ಮಾತ್ರ ಸಲೀಸು ಎಂದಾದರೆ ವೈದ್ಯರಿಗೆ ತಿಳಿಸಿ.

ಜೊತೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು. ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳಲಿ. ವೈದ್ಯರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದು. ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇರುವ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಹೊಣೆ ಒಬ್ಬರದೇ ಇರಲಿ. ಹತ್ತು ಕಡೆಯಿಂದ ಹತ್ತು ಸಲಹೆ ಬಂದರೆ ಚಿಕಿತ್ಸೆ ತಡವಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ:
- ಇದು ಯಾವ ವಿಧದ ಕ್ಯಾನ್ಸರ್? ಎಲ್ಲಿಯವರೆಗೆ ಹಬ್ಬಿದೆ? ಇನ್ನೂ ಯಾವ ಪರೀಕ್ಷೆ ಆಗಬೇಕು?
- ಚಿಕಿತ್ಸೆಯ ಉದ್ದೇಶ ಗುಣಪಡಿಸುವುದೋ, ಹತೋಟಿಯಲ್ಲಿಡುವುದೋ?
- ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ರೇಡಿಯೇಶನ್: ಯಾವುದು ಮೊದಲು, ಎಷ್ಟು ಕಾಲ?
- ಅಡ್ಡಪರಿಣಾಮಗಳೇನು? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು?
- ಒಟ್ಟು ಖರ್ಚು ಎಷ್ಟಾದೀತು?
- ಮುಂದೆ ಮಕ್ಕಳಾಗಬೇಕೆಂದಿರುವ ಯುವಕ ಯುವತಿಯರಿಗೆ ಚಿಕಿತ್ಸೆಗೆ ಮುಂಚೆ ಏನಾದರೂ ಏರ್ಪಾಡು ಮಾಡಬೇಕೇ?

ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ತಪ್ಪಲ್ಲ, ವೈದ್ಯರಿಗೆ ಮಾಡುವ ಅವಮಾನವೂ ಅಲ್ಲ. ಆದರೆ ಎಷ್ಟು ದಿನ ಕಾಯಬಹುದೆಂದು ಅವರನ್ನೇ ಕೇಳಿ.

ಧರ್ಮಕೇಂದ್ರದ ಕಾರ್ಯಕರ್ತರಿಗೆ ಒಂದು ಮಾತು

ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಹಾಗೂ ಯುವಜನರು ಮಾಡಬಹುದಾದ ಸಹಾಯ ದೊಡ್ಡದು. ಕಡತ ಜೋಡಿಸಿಕೊಡುವುದು, ವಾಹನದ ವ್ಯವಸ್ಥೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಟೋಕನ್ ಸರದಿಯಲ್ಲಿ ನಿಲ್ಲುವುದು, ಇವೆಲ್ಲವೂ ಸೇವೆಯೇ. ಆದರೆ ರೋಗಿಯ ಅನುಮತಿ ಇಲ್ಲದೆ ಕಾಯಿಲೆಯ ಹೆಸರನ್ನು ವಾಳೆಯ ಸಭೆಯಲ್ಲಾಗಲಿ, ಇಗರ್ಜಿಯ ಪ್ರಾರ್ಥನೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ ಹೇಳಬಾರದು.

ಧರ್ಮಗುರುಗಳನ್ನು ಕರೆದರೆ ರೋಗಿ ಇನ್ನು ಉಳಿಯಲಾರರೆಂದು ಹೆದರುವವರು ಈಗಲೂ ಇದ್ದಾರೆ. ರೋಗಿಗಳ ಅಭ್ಯಂಗವು ಸಾವಿನಂಚಿನಲ್ಲಿ ಇರುವವರಿಗೆ ಮಾತ್ರ ಮೀಸಲಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ಗಂಭೀರ ಕಾಯಿಲೆಯ ಆರಂಭದಲ್ಲೇ, ಚಿಕಿತ್ಸೆಗೆ ಹೊರಡುವ ಮುನ್ನವೇ ಅದನ್ನು ಸ್ವೀಕರಿಸಬಹುದು.

ಕ್ಯಾನ್ಸರ್ ಎಂದರೆ ಎಲ್ಲವೂ ಮುಗಿಯಿತು ಎಂದಲ್ಲ. ಬೇಗ ಪತ್ತೆಯಾದ ಹಲವು ಕ್ಯಾನ್ಸರ್‌ಗಳು ಗುಣವಾಗುತ್ತವೆ. ಗುಣವಾಗದ ಕಡೆಯಲ್ಲೂ ನೋವನ್ನು ತಗ್ಗಿಸುವ ಚಿಕಿತ್ಸೆ ಇದೆ. ಹೊರಡುವ ಹಿಂದಿನ ದಿನ ಕಡತವನ್ನು ಮತ್ತೊಮ್ಮೆ ನೋಡಿ, ಪ್ರಶ್ನೆಗಳ ಚೀಟಿಯನ್ನು ರೋಗಿಯ ಕೈಯಲ್ಲೇ ಕೊಡಿರಿ. ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ.