ಮೂರು ಗೇಜಿನ ದಾರಿ: ಬಾರಾಮತಿಯಿಂದ ತವರಿಗೆ

ಬೇಸಿಗೆ ರಜೆಯೋ ದೀಪಾವಳಿಯೋ ಹತ್ತಿರ ಬಂತೆಂದರೆ ಬಾರಾಮತಿಯ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಈ ಸಲ ಊರಿಗೆ ಯಾವ ಗಾಡಿ? ನೇರ ಗಾಡಿಗೆ ಟಿಕೆಟ್ ಸಿಗುವವರೆಗೆ ಕಾಯುವುದೋ, ಸಿಕ್ಕ ಗಾಡಿ ಹಿಡಿದು ನಡುವೆ ಇನ್ನೊಂದಕ್ಕೆ ಬದಲಾಯಿಸುವುದೋ? ಮಕ್ಕಳ ಶಾಲೆ, ಗಂಡನ ರಜೆ, ಅತ್ತೆಯವರ ಮಂಡಿನೋವು, ಅಮ್ಮನಿಗೆ ಒಯ್ಯುವ ಡಬ್ಬಿಗಳು, ಎಲ್ಲವನ್ನೂ ಲೆಕ್ಕ ಹಾಕಿ ಕೊನೆಗೆ ತೀರ್ಮಾನಿಸುವವಳು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳೇ. ಈ ಪ್ರಶ್ನೆ ಇಂದಿನದಲ್ಲ. ನೂರಕ್ಕೂ ಹೆಚ್ಚು ವರ್ಷಗಳ ರೈಲಿನ ಇತಿಹಾಸ ಇದರ ಹಿಂದಿದೆ.

ನಮ್ಮ ಕಡೆಗೆ ಮೊದಲು ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಬ್ರಾಡ್ ಗೇಜ್ ದಾರಿ. ಪುಣೆಯಿಂದ ದೌಂಡ್ ಮೇಲೆ ಹಾದು ಅದು 1860ರಲ್ಲಿ ಸೊಲ್ಲಾಪುರ ಮುಟ್ಟಿತು. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಕಲಬುರಗಿ, ವಾಡಿ, ರಾಯಚೂರಿನ ಜನಕ್ಕೆ ಮುಂಬೈ, ಪುಣೆ ಹತ್ತಿರವಾದದ್ದು ಆಗ.

ಕರ್ನಾಟಕದ ಪಶ್ಚಿಮ ಭಾಗದ ಕಥೆ ಬೇರೆ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ವಿಜಯಪುರ, ಬಾಗಲಕೋಟೆ ಸೀಮೆಗೆ ಧಾನ್ಯ ಸಾಗಿಸಲು ರೈಲೇ ಇರಲಿಲ್ಲ. ಆ ಪಾಠದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿಕೊಂಡಿತು. ಸೊಲ್ಲಾಪುರದ ಪಕ್ಕದ ಹೊಟಗಿಯಿಂದ ಗದಗಿನವರೆಗಿನ ದಾರಿ 1884ರಲ್ಲಿ ಸಿದ್ಧವಾಯಿತು. ಖರ್ಚು ಕಡಿಮೆ ಎಂದು ಕಂಪನಿ ಮೀಟರ್ ಗೇಜನ್ನೇ ಹಾಕಿತು. 1890ರ ಹೊತ್ತಿಗೆ ಅದೇ ಮೀಟರ್ ಗೇಜು ಲೋಂಡಾ, ಬೆಳಗಾವಿ, ಮಿರಜ್, ಸಾತಾರಾ ದಾರಿಯಾಗಿ ಪುಣೆಗೆ ಬಂದು ಮುಟ್ಟಿತು.

ಬ್ರಾಡ್ ಗೇಜಿನ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಮೀಟರ್ ಗೇಜಿನದು ಹೆಸರೇ ಹೇಳುವಂತೆ 1000 ಮಿಲಿಮೀಟರ್. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡುವುದಿಲ್ಲ. ಒಂದೇ ಗೇಜಿದ್ದರೆ ಒಂದು ಗಾಡಿಯ ಡಬ್ಬಿ ಬಿಚ್ಚಿ ಇನ್ನೊಂದಕ್ಕೆ ಜೋಡಿಸಬಹುದು, ಪ್ರಯಾಣಿಕರು ಮಲಗಿದ್ದಲ್ಲೇ ಮಲಗಿರಬಹುದು. ಗೇಜು ಬೇರೆಯಾದರೆ ಆ ದಾರಿಯೂ ಇಲ್ಲ. ಟ್ರಂಕು, ಹಾಸಿಗೆ ಸುರುಳಿ, ನೀರಿನ ಕೂಜಾ, ರೊಟ್ಟಿ ಬುತ್ತಿ, ಕಂಕುಳ ಕೂಸು, ಎಲ್ಲವನ್ನೂ ಇಳಿಸಿ ಮತ್ತೆ ಹತ್ತಿಸಲೇಬೇಕು. ನೇರವೋ ಬದಲಾವಣೆಯೋ ಎಂಬುದನ್ನು ಆ ಕಾಲದಲ್ಲಿ ಪ್ರಯಾಣಿಕರು ತೀರ್ಮಾನಿಸುತ್ತಿರಲಿಲ್ಲ, ಹಳಿ ತೀರ್ಮಾನಿಸುತ್ತಿತ್ತು.

ಬಾರಾಮತಿಗೆ ಬಂದ ರೈಲು ಇವೆರಡೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದೌಂಡ್‌ನಿಂದ ಇಲ್ಲಿಗೆ ಹಾಕಿದ ಸುಮಾರು 44 ಕಿಲೋಮೀಟರಿನ ಕವಲು ದಾರಿ ನ್ಯಾರೋ ಗೇಜಿನದು, ಅಂದರೆ ಎರಡೂವರೆ ಅಡಿ ಅಗಲ. ಈಗ ಲೆಕ್ಕ ಹಾಕಿ. ಬಾರಾಮತಿಯಲ್ಲಿ ನೆಲೆಸಿದ ಹೆಣ್ಣುಮಗಳೊಬ್ಬಳು 1950ರ ದಶಕದಲ್ಲಿ ಹುಬ್ಬಳ್ಳಿಯ ತವರಿಗೆ ಹೊರಟರೆ ದೌಂಡ್ ತನಕ ನ್ಯಾರೋ ಗೇಜು, ದೌಂಡ್‌ನಿಂದ ಪುಣೆಗೆ ಬ್ರಾಡ್ ಗೇಜು, ಪುಣೆಯಿಂದ ಮುಂದಕ್ಕೆ ಮೀಟರ್ ಗೇಜು. ಬೆಂಗಳೂರಿಗೆ ಹೋಗಲು ಇನ್ನೊಂದು ದಾರಿಯಿತ್ತು: ದೌಂಡ್‌ನಿಂದ ಬ್ರಾಡ್ ಗೇಜಿನಲ್ಲಿ ಗುಂತಕಲ್, ಅಲ್ಲಿಂದ ಮತ್ತೆ ಮೀಟರ್ ಗೇಜು. ಯಾವ ದಾರಿ ಹಿಡಿದರೂ ಮೂರು ಗೇಜು, ಎರಡು ಸಲ ಇಳಿಯುವುದು, ಎರಡು ಸಲ ಹತ್ತುವುದು. ಹೆಂಗಸರ ವಿಶ್ರಾಂತಿ ಕೊಠಡಿ, ಪ್ಲಾಟ್‌ಫಾರ್ಮಿನ ನಲ್ಲಿ, ನಂಬಿಕೆಯ ಹಮಾಲ, ಇವು ಆ ಕಾಲದಲ್ಲಿ ಅನುಕೂಲಗಳಾಗಿರಲಿಲ್ಲ, ಪ್ರಯಾಣದ ಆಧಾರಗಳಾಗಿದ್ದವು.

ಮುಂದೆ ಒಂದು ವಿಚಿತ್ರ ನಡೆಯಿತು. 1971ರ ಹೊತ್ತಿಗೆ ಪುಣೆ, ಮಿರಜ್, ಕೊಲ್ಹಾಪುರದ ದಾರಿ ಬ್ರಾಡ್ ಗೇಜ್ ಆಯಿತು. ಮುಂಬೈನಿಂದ ಕೊಲ್ಹಾಪುರಕ್ಕೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಓಡತೊಡಗಿತು. ಸಾಂಗ್ಲಿ, ಸಾತಾರಾದವರಿಗೆ ಹಬ್ಬ. ಆದರೆ ಮಿರಜ್‌ನಿಂದ ಆಚೆಗೆ ಮೀಟರ್ ಗೇಜೇ ಉಳಿಯಿತು. ಅದುವರೆಗೆ ಪುಣೆಯಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ ಇಳಿಯದೆ ಬೆಳಗಾವಿ, ಹುಬ್ಬಳ್ಳಿ ಸೇರುತ್ತಿದ್ದ ಪುಣೆಯ ಕನ್ನಡಿಗರು ಈಗ ಮಿರಜ್‌ನಲ್ಲಿ ಇಳಿಯಬೇಕಾಯಿತು. ಮುಂಬೈಯವರಿಗೆ ಬದಲಾವಣೆ ಪುಣೆಯಿಂದ ಮಿರಜ್‌ಗೆ ಜರುಗಿತು, ಅಷ್ಟೆ. ಬಾರಾಮತಿಯವರಿಗೋ ದೌಂಡ್, ಪುಣೆ, ಮಿರಜ್ ಎಂದು ಮೂರಾಯಿತು. ದಾರಿ ಸುಧಾರಿಸಿತು, ಪ್ರಯಾಣ ಕಷ್ಟವಾಯಿತು. ಒಬ್ಬರ ನೇರ ಗಾಡಿ ಇನ್ನೊಬ್ಬರ ಬದಲಾವಣೆಯೂ ಆಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆ ಎರಡು ದಶಕಗಳಲ್ಲಿ ಮಿರಜ್ ಜಂಕ್ಷನ್ ಗಡಿಯ ಎರಡೂ ಕಡೆಯವರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಒಂದು ಪ್ಲಾಟ್‌ಫಾರ್ಮಿನಲ್ಲಿ ಅಗಲದ ಗಾಡಿ, ಇನ್ನೊಂದರಲ್ಲಿ ಸಣ್ಣ ಗಾಡಿ. ಮರಾಠಿ ಕೇಳುತ್ತ ಬಂದವರ ಕಿವಿಗೆ ಕನ್ನಡ ಬೀಳತೊಡಗುವ ಜಾಗವೂ ಅದೇ. ಬೆಂಗಳೂರಿಗೂ ಮಿರಜ್‌ಗೂ ನಡುವೆ ಓಡುತ್ತಿದ್ದ ಗಾಡಿಗೆ ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರು. ಆ ಹೆಸರಿನ ಎಕ್ಸ್‌ಪ್ರೆಸ್ ಇಂದಿಗೂ ಇದೆ.

ಬದಲಾವಣೆಯ ಕಷ್ಟ ಮೊದಲು ತಗ್ಗಿದ್ದು ಪೂರ್ವದ ದಾರಿಯಲ್ಲಿ. 1980ರ ದಶಕದ ಆರಂಭದಲ್ಲಿ ಗುಂತಕಲ್–ಬೆಂಗಳೂರು ಮಾರ್ಗ ಬ್ರಾಡ್ ಗೇಜ್ ಆಯಿತು. ಮುಂಬೈ–ಬೆಂಗಳೂರು ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ, ದೌಂಡ್, ಸೊಲ್ಲಾಪುರ, ಕಲಬುರಗಿ, ರಾಯಚೂರಿನ ಮೇಲೆ ಓಡಿತು. ದೇಶವಿಡೀ ಒಂದೇ ಗೇಜ್ ಎಂಬ ಯೋಜನೆ 1992ರಲ್ಲಿ ಆರಂಭವಾದ ಮೇಲೆ ಹುಬ್ಬಳ್ಳಿ ದಾರಿಯೂ ಬದಲಾಯಿತು. ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ಮಿರಜ್‌ನಲ್ಲಿ ಯಾರನ್ನೂ ಇಳಿಸದೆ ಮುಂದೆ ಸಾಗಿದವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದು ಕಾರವಾರ, ಉಡುಪಿಯವರಿಗೂ ಹೊಸ ದಾರಿ ಸಿಕ್ಕಿತು. ಬಾರಾಮತಿಯ ಪುಟ್ಟ ಹಳಿಯೂ ಬ್ರಾಡ್ ಗೇಜ್ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬಂತು.

ಇಷ್ಟಾದರೂ ಬಾರಾಮತಿಯ ಸ್ಥಿತಿಯಲ್ಲಿ ಒಂದು ಬದಲಾಗಿಲ್ಲ. ನಮ್ಮದು ಕೊನೆಯ ನಿಲ್ದಾಣ. ಊರಿನ ನೇರ ಗಾಡಿ ಎಂದು ನಾವು ಕರೆಯುವುದು ಪುಣೆ ಅಥವಾ ದೌಂಡ್‌ನಿಂದ ನೇರ. ಆದ್ದರಿಂದ ಬಾರಾಮತಿಯವರು ಕೇಳಬೇಕಾದ ಪ್ರಶ್ನೆ ಬದಲಾಯಿಸಬೇಕೇ ಎಂಬುದಲ್ಲ, ಎಲ್ಲಿ ಮತ್ತು ಎಷ್ಟು ಹೊತ್ತಿಗೆ ಬದಲಾಯಿಸಬೇಕು ಎಂಬುದು. ಕಲಬುರಗಿ, ರಾಯಚೂರು ಕಡೆಗಾದರೆ ದೌಂಡ್ ಸಾಕು. ಪುಣೆಗೆ ಹೋಗಿ ಮತ್ತೆ ಅದೇ ಹಳಿಯಲ್ಲಿ ಹಿಂದಕ್ಕೆ ಬರುವುದು ವ್ಯರ್ಥ. ವಿಜಯಪುರ, ಬಾಗಲಕೋಟೆಗೆ ಸೊಲ್ಲಾಪುರದಲ್ಲಿ ಇನ್ನೊಮ್ಮೆ ಬದಲಾಯಿಸುವುದು ಹಳೆಯ ದಾರಿ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಪುಣೆ. ದೌಂಡ್ ಜಂಕ್ಷನ್ ಬೇರೆ, ದೌಂಡ್ ಕಾರ್ಡ್ ಲೈನ್ ನಿಲ್ದಾಣ ಬೇರೆ ಎಂಬುದನ್ನು ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ.

ಇನ್ನೊಂದು ವಿಷಯ ನಮ್ಮ ಎಷ್ಟೋ ಗೆಳತಿಯರಿಗೆ ಗೊತ್ತಿಲ್ಲ. 2019ರ ಏಪ್ರಿಲ್‌ನಿಂದ ರೈಲ್ವೆ ಎರಡು ಪಿಎನ್‌ಆರ್‌ಗಳನ್ನು ಜೋಡಿಸಲು ಅವಕಾಶ ಕೊಟ್ಟಿದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಟಿಕೆಟ್ಟಿನ ಹಣ ಮರಳಿ ಪಡೆಯಬಹುದು. ಇದಕ್ಕೆ ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಆಗಿರಬೇಕು. ಆದರೆ ಬಾರಾಮತಿಯಿಂದ ದೌಂಡ್‌ಗೆ ಕಾಯ್ದಿರಿಸದ ಟಿಕೆಟ್ಟಿನಲ್ಲಿ ಹೋದರೆ ಅದಕ್ಕೆ ಪಿಎನ್‌ಆರ್ ಇರುವುದಿಲ್ಲ, ಆ ರಕ್ಷಣೆಯೂ ಇಲ್ಲ. ಮೊದಲ ಹೆಜ್ಜೆಗೆ ಸಾಕಷ್ಟು ಸಮಯ ನಾವೇ ಇಟ್ಟುಕೊಳ್ಳಬೇಕು.

ಹಗಲಲ್ಲಿ, ಲಿಫ್ಟ್ ಇರುವ ದೊಡ್ಡ ನಿಲ್ದಾಣದಲ್ಲಿ ಒಂದೆರಡು ಗಂಟೆ ಕಾದು ಬದಲಾಯಿಸುವುದು ವಯಸ್ಸಾದವರಿಗೆ ಕಷ್ಟವಲ್ಲ, ಕಾಲು ಚಾಚಿ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ. ನೇರ ಗಾಡಿ ನಸುಕಿನ ಮೂರಕ್ಕೆ ಸಣ್ಣ ನಿಲ್ದಾಣದಲ್ಲಿ ಇಳಿಸುವುದಾದರೆ ಒಬ್ಬಂಟಿ ಹೆಣ್ಣುಮಗಳಿಗೆ ಅದು ನೇರವಾದರೂ ಸುಲಭವಲ್ಲ. ಮೊದಲು ಇಳಿಯುವ ಹೊತ್ತು ನೋಡಿ, ಆಮೇಲೆ ಹತ್ತುವ ಹೊತ್ತು, ಬದಲಾವಣೆಯ ಲೆಕ್ಕ ಕೊನೆಗೆ.

ಈಗ ಹಳಿಗಳು ಮತ್ತೊಮ್ಮೆ ನಮ್ಮ ಲೆಕ್ಕ ಬದಲಿಸಲಿವೆ. ಪುಣೆ–ಮಿರಜ್ ದಾರಿಯ ಲೋಣಂದದಿಂದ ಫಲಟಣಕ್ಕೆ ರೈಲು ಬಂದಾಗಿದೆ. ಫಲಟಣದಿಂದ ಬಾರಾಮತಿಯವರೆಗಿನ ಭಾಗ ಮುಗಿದ ದಿನ ನಮ್ಮೂರು ಕೊನೆಯ ನಿಲ್ದಾಣವಾಗಿ ಉಳಿಯುವುದಿಲ್ಲ. ಹುಬ್ಬಳ್ಳಿಗೆ ಹೋಗಲು ಮೊದಲು ಉತ್ತರಕ್ಕೆ ದೌಂಡ್, ಆಮೇಲೆ ಪುಣೆ ಸುತ್ತುವುದು ತಪ್ಪಿ, ಬಾರಾಮತಿಯಿಂದ ದಕ್ಷಿಣಕ್ಕೇ ಹೊರಡಬಹುದು.