ಯುಎಸ್‌ಬಿ ರೀಕ್ಲಾಕರ್: ಕೊಳ್ಳುವ ಮುನ್ನ ಮನೆಯ ಅರ್ಥಿಂಗ್ ನೋಡಿ

ದಾನೋಳಿ: ಶಿರೋಳ ತಾಲೂಕಿನ ನಮ್ಮ ಭಾಗದ ಜನರಿಗೆ ಹಾಡು ಕೇಳುವ ಹವ್ಯಾಸ ಹೊಸದಲ್ಲ. ತಂಬೂರಿ, ಸಿತಾರ ತಯಾರಿಕೆಗೆ ಹೆಸರಾದ ಮಿರಜ ಇಲ್ಲಿಗೆ ದೂರವಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (ನಿಧನ 1937) ನೆಲೆಸಿದ್ದೂ ಅದೇ ಊರಿನಲ್ಲಿ. ಒಂದು ಕಾಲಕ್ಕೆ ಸಾಂಗಲಿ, ಧಾರವಾಡ ಎರಡೂ ಆಕಾಶವಾಣಿ ಕೇಂದ್ರಗಳನ್ನು ಹಚ್ಚುತ್ತಿದ್ದ ಮನೆಗಳಲ್ಲಿ ಈಗ ಲ್ಯಾಪ್‌ಟಾಪ್, ಅದಕ್ಕೊಂದು ಡ್ಯಾಕ್, ಆಂಪ್ಲಿಫೈಯರ್ ಬಂದಿವೆ. ಅಂಕಿಗಳ ರೂಪದ ಹಾಡನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಪೆಟ್ಟಿಗೆಯೇ ಡ್ಯಾಕ್. ಧ್ವನಿ ಇನ್ನೂ ಚೆನ್ನಾಗಬೇಕು ಎನ್ನುವವರಿಗೆ ಸಿಗುವ ಒಂದು ಸಲಹೆ, 'ಯುಎಸ್‌ಬಿ ರೀಕ್ಲಾಕರ್ ಹಾಕಿ' ಎಂಬುದು. ಇದರ ಬೆಲೆ ಕೆಲವು ಸಾವಿರದಿಂದ ಹತ್ತಾರು ಸಾವಿರ ರೂಪಾಯಿ. ಇಷ್ಟು ಹಣ ಹಾಕುವ ಮೊದಲು ಅದರ ಕೆಲಸ ತಿಳಿದುಕೊಳ್ಳುವುದು ಒಳ್ಳೆಯದು.

ರೀಕ್ಲಾಕರ್ ಏನು ಮಾಡುತ್ತದೆ?

ಇದು ಕಂಪ್ಯೂಟರ್ ಮತ್ತು ಡ್ಯಾಕ್ ನಡುವೆ ಕೂಡಿಸುವ ಚಿಕ್ಕ ಪೆಟ್ಟಿಗೆ. ಕಂಪ್ಯೂಟರಿನಿಂದ ಬಂದ ಯುಎಸ್‌ಬಿ ಸಂಕೇತವನ್ನು ಓದಿ, ತನ್ನದೇ ಗಡಿಯಾರದ ಲೆಕ್ಕಕ್ಕೆ ಹೊಸದಾಗಿ ಬರೆದು ಮುಂದೆ ಕಳಿಸುತ್ತದೆ. ಅನೇಕ ಮಾದರಿಗಳು ಕಂಪ್ಯೂಟರಿನ 5 ವೋಲ್ಟ್ ಬದಲು ಶುದ್ಧವಾದ ಬೇರೆ ವಿದ್ಯುತ್ತನ್ನೂ ಕೊಡುತ್ತವೆ. ಶೀಟ್ ಕಂಪನಿಯ ವಿರ್ಡ್ (2014), ಅಪ್‌ಟೋನ್ ಕಂಪನಿಯ ಯುಎಸ್‌ಬಿ ರೀಜೆನ್ (2015) ಈ ಬಗೆಯ ಹೆಸರಾಂತ ಪೆಟ್ಟಿಗೆಗಳು.

ಜಿಟ್ಟರ್ ಎಂದರೇನು?

ಸಿಡಿಯ ಹಾಡಿನಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಪ್ರತಿಯೊಂದೂ ಸರಿಯಾದ ಕ್ಷಣಕ್ಕೆ ಧ್ವನಿಯಾಗಬೇಕು. ತಬಲಾದ ಬೋಲು ಸರಿ ಇದ್ದರೂ ಲಯ ತಪ್ಪಿದರೆ ಹೇಗೋ ಹಾಗೆ, ಅಂಕಿ ಸರಿ ಇದ್ದು ಸಮಯ ಅಲುಗಿದರೆ ಅದಕ್ಕೆ ಜಿಟ್ಟರ್ ಎನ್ನುತ್ತಾರೆ. ಆದರೆ ಎಷ್ಟು ಅಲುಗಿದರೆ ಕಿವಿಗೆ ತಿಳಿಯುತ್ತದೆ? ಜಪಾನಿನ ಅಶಿಹಾರಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಾದ ಕಿವಿಗಳಿಗೂ ಸಂಗೀತದಲ್ಲಿ ಅದು ತಿಳಿಯಲು ನೂರಾರು ನ್ಯಾನೊಸೆಕೆಂಡ್ ಜಿಟ್ಟರ್ ಬೇಕಾಯಿತು. ಇಂದಿನ ಒಳ್ಳೆಯ ಡ್ಯಾಕ್‌ಗಳಲ್ಲಿ ಅದು 1 ನ್ಯಾನೊಸೆಕೆಂಡಿಗೂ ಕಡಿಮೆ.

ಟಾಕಿ ಮತ್ತು ನಲ್ಲಿ

ಮನೆ ಮೇಲಿನ ನೀರಿನ ಟಾಕಿ ನೆನಪಿಸಿಕೊಳ್ಳಿ. ಪಂಪು ನೀರನ್ನು ತಡೆತಡೆದು ಏರಿಸಿದರೂ ಕೆಳಗಿನ ನಲ್ಲಿಯ ಧಾರೆ ಒಂದೇ ಸಮ ಇರುತ್ತದೆ. ಈಗಿನ ಹೆಚ್ಚಿನ ಡ್ಯಾಕ್‌ಗಳು 'ಅಸಿಂಕ್ರೊನಸ್' ಪದ್ಧತಿಯವು. ಬಂದ ಅಂಕಿಗಳನ್ನು ಒಳಗಿನ ಟಾಕಿಯಲ್ಲಿ ತುಂಬಿಕೊಂಡು, ತಮ್ಮದೇ ಗಡಿಯಾರದಂತೆ ಬಿಡುತ್ತವೆ. ರೀಕ್ಲಾಕರ್ ಸರಿಪಡಿಸುವುದು ಪಂಪಿನ ಕಡೆಯನ್ನು, ನಲ್ಲಿಯನ್ನಲ್ಲ. ಉಪಕರಣ ಹಚ್ಚಿ ಅಳೆದಾಗ, ಚೆನ್ನಾಗಿ ತಯಾರಾದ ಡ್ಯಾಕ್‌ನ ಧ್ವನಿಯಲ್ಲಿ ಇಂಥ ಪೆಟ್ಟಿಗೆಯಿಂದ ವ್ಯತ್ಯಾಸ ಕಾಣದಿರುವುದು ಇದಕ್ಕಾಗಿಯೇ.

ಹಾಗಾದರೆ ಉಪಯೋಗವೇ ಇಲ್ಲವೇ? ಕೆಲವು ಕಡೆ ಇದೆ. ಕಂಪ್ಯೂಟರಿನ ಪೋರ್ಟ್ ದುರ್ಬಲವಾಗಿದ್ದರೆ, ಕೇಬಲ್ ಉದ್ದವಾಗಿದ್ದರೆ, ಡ್ಯಾಕ್ ಲ್ಯಾಪ್‌ಟಾಪಿನ ಗದ್ದಲದ ವಿದ್ಯುತ್ತಿನ ಮೇಲೆಯೇ ನಡೆಯುತ್ತಿದ್ದರೆ ಸಹಾಯವಾಗಬಹುದು. ಆದರೆ 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ ಹಳೆಯ ಹಾಡಿನ ಕರಕರ ಹೋಗುವುದಿಲ್ಲ. ಎಂಪಿ3 ಮಾಡುವಾಗ ಕಳೆದದ್ದೂ ಮರಳಿ ಬರುವುದಿಲ್ಲ.

ಗುಂಯ್ ಸದ್ದು ಎಲ್ಲಿಯದು?

ನನ್ನ ಮನೆಯಲ್ಲಿ ಭಜನೆ ಹಚ್ಚಿದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು. ಅಂಗಡಿಯವರೊಬ್ಬರ ಮಾತು ಕೇಳಿ ರೀಕ್ಲಾಕರ್ ತಂದೆ. ಸದ್ದು ಹಾಗೇ ಉಳಿಯಿತು. ಒಂದು ದಿನ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಮಾತ್ರ ಸದ್ದು ನಿಂತಿತು. ವಾಯರಮನ್ ಬಂದು ನೋಡಿದರೆ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ತಂತಿಯೇ ಜೋಡಿಸಿರಲಿಲ್ಲ!

ಅದಕ್ಕಾಗಿ ಮೊದಲು ಈ ಪರೀಕ್ಷೆಗಳನ್ನು ಮಾಡಿ:

1. ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ. ಸದ್ದು ನಿಂತರೆ ದೋಷ ವಿದ್ಯುತ್ ದಾರಿಯದು.

2. ಲ್ಯಾಪ್‌ಟಾಪ್, ಡ್ಯಾಕ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಕೂಡಿಸಿ ನೋಡಿ.

3. ಎರಡೂ ಕಡೆ ಆಪ್ಟಿಕಲ್ ಜೋಡಣೆ ಇದ್ದರೆ ಅದನ್ನೇ ಬಳಸಿ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತಲ್ಲ.

4. ಹಾಡು ನಡುನಡುವೆ ಕಡಿಯುತ್ತಿದ್ದರೆ ಕೇಬಲ್ ಬದಲಿಸಿ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ಮೀರಬಾರದು.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ರೀಕ್ಲಾಕರ್ ಬದಲು ಯುಎಸ್‌ಬಿ ಐಸೊಲೇಟರ್ ಕೇಳಿ. ಅದು ಎರಡು ಕಡೆಯ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುತ್ತದೆ. ಕಡಿಮೆ ಬೆಲೆಯವು ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಸಿಡಿ ಗುಣಮಟ್ಟದ ಹಾಡಿಗೆ 1.4 ಮೆಗಾಬಿಟ್ ಸಾಕು. ಆದರೆ ಹೈಸ್ಪೀಡ್ ಮಾತ್ರ ಒಪ್ಪುವ ಡ್ಯಾಕ್‌ಗೆ ಇವು ನಡೆಯುವುದಿಲ್ಲ.

ಪಿನ್ ಕೀಳಬೇಡಿ

ಗುಂಯ್ ಸದ್ದು ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥಿಂಗ್ ಪಿನ್ ಕೀಳುವವರಿದ್ದಾರೆ. ಇದು ಪ್ರಾಣಕ್ಕೆ ಅಪಾಯ. ಆಂಪ್ಲಿಫೈಯರಿನೊಳಗೆ ತಂತಿ ಸಡಿಲವಾಗಿ ತಾಗಿದರೆ ಅದರ ಕಬ್ಬಿಣದ ಮೈಗೇ 230 ವೋಲ್ಟ್ ಬರುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಿಂದ ಮಕ್ಕಳು ಮುಟ್ಟಿದರೆ ಗತಿಯೇನು? ಅರ್ಥಿಂಗ್ ಸರಿ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ರೀಕ್ಲಾಕರಿಗೆ ಇಟ್ಟ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

ಕೊನೆಗೆ ಕಿವಿಯನ್ನೇ ಕೇಳಿ

ಆದರೂ ಕೊಳ್ಳಬೇಕೆಂದರೆ ಮರಳಿ ಕೊಡುವ ಅವಕಾಶ ಇಟ್ಟುಕೊಂಡು ತನ್ನಿ. ನಿಮಗೆ ಕಾಣದಂತೆ ಮನೆಯವರು ಅದನ್ನು ಕೂಡಿಸಲಿ ಅಥವಾ ತೆಗೆಯಲಿ. ಇದೆಯೋ ಇಲ್ಲವೋ ನೀವು ಹೇಳಿ. ಹೀಗೆ 10 ಸಲ ಮಾಡಿ. 9 ಸಲ ಸರಿ ಬಂದರೆ ಇಟ್ಟುಕೊಳ್ಳಿ. 5 ಅಥವಾ 6 ಬಂದರೆ ಅದು ಬರೀ ಊಹೆ. ಪೆಟ್ಟಿಗೆ ಮರಳಿಸಿ, ನಿಶ್ಚಿಂತೆಯಿಂದ ಹಾಡು ಕೇಳಿ.